ಬಯಲು ನಾಡಿನ ಫೋಟೋ ಖಾಲಿ ಕಾಣುತ್ತಿದೆಯೇ? ದೋಷ ಹುಡುಕುವ ಕ್ರಮ

ಕಲಬುರಗಿಯಿಂದ ಜೇವರ್ಗಿ ಕಡೆಗೋ ಚಿತ್ತಾಪುರದ ಕಡೆಗೋ ಹೊರಟರೆ, ಊರು ದಾಟಿದ ಕೂಡಲೇ ಎರೆ ಹೊಲ ಶುರುವಾಗುತ್ತದೆ. ಕಣ್ಣು ಹಾಯುವಷ್ಟು ದೂರ ತೊಗರಿ, ಮೇಲೆ ಅಷ್ಟೇ ದೊಡ್ಡ ಆಕಾಶ. ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತೀರಿ. ಮನೆಗೆ ಬಂದು ನೋಡಿದರೆ ಕೆಳಗೊಂದು ಹಸಿರು ಪಟ್ಟಿ, ಮೇಲೊಂದು ಬಿಳಿ ಪಟ್ಟಿ. ನಡುವೆ ಏನೂ ಇಲ್ಲ.

ಆಗ ಎರಡು ಮಾತು ಬರುತ್ತವೆ. ‘ನಮ್ಮ ಕಡೆ ಏನಿದೆ, ಮಲೆನಾಡಿಗೆ ಹೋಗಬೇಕು’ ಅನ್ನುವುದು ಒಂದು. ‘ದೊಡ್ಡ ಕ್ಯಾಮೆರಾ ಬೇಕು’ ಅನ್ನುವುದು ಇನ್ನೊಂದು. ಎರಡನ್ನೂ ನಾನು ಒಪ್ಪುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ನೆಲದಲ್ಲಿ ಫೋಟೋ ಕೆಡುವುದು ಹೆಚ್ಚಾಗಿ ಕ್ಯಾಮೆರಾ ಹಿಡಿದ ಎತ್ತರದಿಂದ ಮತ್ತು ಕಾಲಿಟ್ಟ ಜಾಗದಿಂದ. ಎರಡನ್ನೂ ಬದಲಿಸಲು ದುಡ್ಡು ಬೇಕಿಲ್ಲ. ಆದರೆ ದೋಷ ಯಾವುದು ಅಂತ ತಿಳಿಯದೆ ಸುಮ್ನೆ ಅಲ್ಲಿ ಇಲ್ಲಿ ಓಡಾಡಿದರೆ ಪ್ರಯೋಜನವಿಲ್ಲ.

ಮೊದಲ ಪರೀಕ್ಷೆ

ಲೆನ್ಸ್ ಒರೆಸಿ. ನಮ್ಮ ಕಡೆ ಬೇಸಿಗೆಯ ಧೂಳು, ಜೇಬಿನ ನೂಲು, ಬೆರಳಿನ ಜಿಡ್ಡು ಸೇರಿ ಸೂರ್ಯನ ಕಡೆ ತಿರುಗಿಸಿದ ಚಿತ್ರವೆಲ್ಲ ಮಸುಕಾಗುತ್ತದೆ. ಅದನ್ನು ಜೋಡಣೆಯ, ಅಂದರೆ ಚೌಕಟ್ಟಿನಲ್ಲಿ ಯಾವುದನ್ನು ಎಲ್ಲಿ ಕೂರಿಸಿದಿರಿ ಅನ್ನುವುದರ, ತಪ್ಪು ಅಂದುಕೊಳ್ಳುವವರು ತುಂಬ ಜನ.

ನಂತರ ಗ್ಯಾಲರಿಯಲ್ಲಿ ಆ ಫೋಟೋವನ್ನು ಹೆಬ್ಬೆರಳಿನ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಅಷ್ಟು ಚಿಕ್ಕದರಲ್ಲೂ ಕಣ್ಣು ಒಂದು ಕಡೆ ಹೋಗಿ ನಿಂತರೆ ಜೋಡಣೆ ಸರಿಯಿದೆ, ಬೆಳಕು ಅಥವಾ ಬಣ್ಣದಲ್ಲಿ ಏನೋ ಎಡವಟ್ಟಾಗಿದೆ. ಕಣ್ಣು ಎಲ್ಲೂ ನಿಲ್ಲದಿದ್ದರೆ ಚಿತ್ರದಲ್ಲಿ ಮುಖ್ಯವಾದದ್ದು ಇಲ್ಲ. ಎರಡು ಕಡೆ ಎಳೆದಾಡಿದರೆ ಮುಖ್ಯವಾದದ್ದು ಎರಡಾಗಿದೆ.

ಅದೇ ಫೋಟೋವನ್ನು ಕಪ್ಪು-ಬಿಳುಪು ಮಾಡಿಯೂ ನೋಡಿ. ಬೀದರ್ ಕೋಟೆಯ ಮಳೆಗಾಲದ ಚಿತ್ರಗಳಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಕೆಂಪು ಜಂಬಿಟ್ಟಿಗೆ ಗೋಡೆ, ಬುಡದಲ್ಲಿ ಹಸಿರು ಹುಲ್ಲು. ಬಣ್ಣದಲ್ಲಿ ಎರಡೂ ಎದ್ದು ಕಾಣುತ್ತವೆ. ಬಣ್ಣ ತೆಗೆದರೆ ಹೆಚ್ಚೂಕಡಿಮೆ ಒಂದೇ ಬೂದು, ಗೋಡೆ ಎಲ್ಲಿ ಮುಗಿದು ನೆಲ ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಅಂಥ ಚಿತ್ರವನ್ನು ಬಣ್ಣವೊಂದೇ ಎತ್ತಿ ಹಿಡಿದಿರುತ್ತದೆ. ಗೋಡೆಗೆ ಪಕ್ಕದಿಂದ ಬಿಸಿಲು ಬೀಳುವ ಹೊತ್ತಿಗೆ ಬಂದರೆ ಇದು ತಾನಾಗಿ ಸರಿಹೋಗುತ್ತದೆ.

ಇನ್ನೊಂದು ಪರೀಕ್ಷೆಯನ್ನು ನಮ್ಮ ಜನ ತಾವಾಗಿಯೇ ಮಾಡುತ್ತಾರೆ. ಹೊಲದ ದಂಡೆಯಲ್ಲಿ ಕ್ಯಾಮೆರಾ ಹಿಡಿದು ನಿಂತರೆ ದಾರಿಯಲ್ಲಿ ಹೋಗುವವರು ಕೇಳಿಯೇ ಕೇಳುತ್ತಾರೆ: “ಏನ್ ಫೋಟೋ ತೆಗಿಲಾಕತ್ತೀರಿ ಸರ್, ಇಲ್ಲೇನದ?” ಈ ಪ್ರಶ್ನೆಗೆ ಒಂದು ಮಾತಿನ ಉತ್ತರ ಇರಬೇಕು. ‘ಆ ಒಂಟಿ ಬೇವಿನ ಮರ’ ಅಂದರೆ ಸರಿ. ‘ಈ ಬಂಡಿ ದಾರಿ ಹೋಗಿ ತಿರುಗುವ ರೀತಿ’ ಅಂದರೂ ಸರಿ. ‘ಎಲ್ಲಾ ಚೆನ್ನಾಗಿದೆ’ ಅಂತ ಬಂದರೆ ಇನ್ನೂ ಬಟನ್ ಒತ್ತುವ ಹೊತ್ತಾಗಿಲ್ಲ.

‘ಹೊಲ ಇಷ್ಟು ದೊಡ್ಡದಿದೆ, ಫೋಟೋದಲ್ಲಿ ಏನೂ ಇಲ್ಲ’

ನಮ್ಮ ಸೀಮೆಯ ಮುಖ್ಯ ದೋಷವೇ ಇದು. ಹಾಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಸಮತಟ್ಟಾದ ನೆಲದಲ್ಲಿ ನಿಂತು, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿ, ಅಂದರೆ ಸುಮಾರು 1.6 ಮೀಟರ್ ಎತ್ತರದಲ್ಲಿ ಹಿಡಿದಿದ್ದೀರಿ ಅಂತ ಇಟ್ಟುಕೊಳ್ಳಿ. 10 ಮೀಟರ್ ದೂರದ ನೆಲ ದಿಗಂತದಿಂದ ಸುಮಾರು 9 ಡಿಗ್ರಿ ಕೆಳಗೆ ಕಾಣುತ್ತದೆ. 100 ಮೀಟರ್ ದೂರದ ನೆಲ ದಿಗಂತದಿಂದ ಬರೀ 0.9 ಡಿಗ್ರಿ ಕೆಳಗೆ. ಅಂದರೆ 100 ಮೀಟರಿನಿಂದ ಆಚೆ, ದಿಗಂತದವರೆಗೆ ಇರುವ ಅಷ್ಟೂ ತೊಗರಿ, ಜೋಳ, ಕುಸುಬೆ, ಹಳ್ಳ, ದಾರಿ ಎಲ್ಲವೂ ಒಂದು ಡಿಗ್ರಿಗಿಂತ ಕಡಿಮೆ ಜಾಗದಲ್ಲಿ ತುರುಕಿಕೊಂಡಿರುತ್ತವೆ. ಮೊಬೈಲನ್ನು ಅಡ್ಡ ಹಿಡಿದರೆ ಅದರ ಮುಖ್ಯ ಲೆನ್ಸು ಮೇಲಿನಿಂದ ಕೆಳಗೆ ಸುಮಾರು 50 ಡಿಗ್ರಿ ನೋಡುತ್ತದೆ. ನಿಮಗೆ ಇಷ್ಟವಾದ ಆ ವಿಸ್ತಾರ ಚಿತ್ರದ ಐವತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ಉಳಿದದ್ದು ಕಾಲ ಬುಡದ ಹೆಂಟೆ ಮತ್ತು ಆಕಾಶ.

ಸ್ಥಳದಲ್ಲೇ ಇದನ್ನು ಪತ್ತೆ ಮಾಡಬಹುದು. ಪರದೆಯ ಮೇಲೆ ದಿಗಂತದ ಕೆಳಗೆ ಒಂದು ಕಿರುಬೆರಳು ಅಡ್ಡ ಇಡಿ. ನಿಮಗೆ ಬೇಕಾದದ್ದೆಲ್ಲ ಆ ಬೆರಳಿನಡಿ ಮುಚ್ಚಿಹೋದರೆ ದೋಷ ಇದೇ.

ಸರಿಪಡಿಸಲು ಎರಡು ದಾರಿ ಇವೆ. ಮೇಲೆ ಹತ್ತಿ, ಇಲ್ಲವೇ ಕೆಳಗೆ ಕೂರಿ. ನಿಂತಲ್ಲೇ ನಿಲ್ಲುವುದು ಮಾತ್ರ ಬೇಡ.

ಮೇಲೆ ಹತ್ತಿದರೆ ಆ ಹಿಂಡಿಹೋದ ನೆಲ ಬಿಚ್ಚಿಕೊಳ್ಳುತ್ತದೆ. ಮನೆಯ ಮಾಳಿಗೆಯಿಂದ, ನೆಲದಿಂದ 8 ಮೀಟರ್ ಎತ್ತರದಲ್ಲಿ ನಿಂತರೆ ಅದೇ 100 ಮೀಟರ್ ದೂರದ ನೆಲ ದಿಗಂತದಿಂದ ನಾಲ್ಕೂವರೆ ಡಿಗ್ರಿ ಕೆಳಗೆ ಬರುತ್ತದೆ. ಐದು ಪಟ್ಟು ಜಾಗ! ಸಾಲುಗಳು ಸಾಲಾಗಿ ಕಾಣುತ್ತವೆ, ಹೊಲದ ಒಡ್ಡುಗಳು ಗೆರೆಗಳಾಗುತ್ತವೆ. ಇಷ್ಟು ಎತ್ತರ ಎಲ್ಲ ಕಡೆ ಸಿಗುವುದಿಲ್ಲ, ಆದರೆ ಕೆರೆ ಏರಿ, ನಾಲೆಯ ಏರಿ, ನಿಲ್ಲಿಸಿದ ಟ್ರಾಕ್ಟರಿನ ಟ್ರೇಲರ್ ಕೂಡ ಸಾಕಷ್ಟು ಫರಕು ಮಾಡುತ್ತವೆ. ಶಹಾಪುರ, ಸುರಪುರದ ಕಡೆ ನಾರಾಯಣಪುರ ಎಡದಂಡೆ ನಾಲೆಯ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ನಾಟಿಗೆ ಮುಂಚೆ ಗದ್ದೆಗಳಲ್ಲಿ ನೀರು ನಿಂತಾಗ ಏರಿಯ ಮೇಲಿಂದ ನೋಡಿ, ಒಂದೊಂದು ಮಡಿಯೂ ಬೇರೆ ಬೇರೆ ಹೊಳೆಯುತ್ತದೆ. ಕೆಳಗಿನ ರಸ್ತೆಯಿಂದ ಅದೇ ಗದ್ದೆ ಒಂದು ಬೆಳ್ಳಿ ದಾರದಷ್ಟೂ ಕಾಣುವುದಿಲ್ಲ. (ಎತ್ತರಕ್ಕಾಗಿ ಡ್ರೋನ್ ಯೋಚಿಸುವವರಿಗೆ ಒಂದು ಮಾತು. ಬೀದರ್‌ನಲ್ಲಿ ವಾಯುಪಡೆಯ ನೆಲೆ ಇದೆ. ಅಲ್ಲಿ ಸುತ್ತಮುತ್ತ ಸುಮ್ನೆ ಹಾರಿಸಲು ಹೋಗಬೇಡಿ.)

ಕೆಳಗೆ ಕೂರುವುದು ಇನ್ನೊಂದು ಬಗೆಯ ಚಿತ್ರ. ಸಮತಟ್ಟು ನೆಲದಲ್ಲಿ ದಿಗಂತ ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಇರುತ್ತದೆ. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ, ಬಯಲಿನ ಫೋಟೋಗೆ ಇದಕ್ಕಿಂತ ಉಪಯೋಗದ ಮಾತು ನನಗೆ ಗೊತ್ತಿಲ್ಲ. ಕ್ಯಾಮೆರಾ 1.6 ಮೀಟರಿನಲ್ಲಿದ್ದರೆ, ಅದಕ್ಕಿಂತ ಗಿಡ್ಡದಾದ ಯಾವುದೂ ಆಕಾಶಕ್ಕೆ ಏರುವುದಿಲ್ಲ. ಎದೆಮಟ್ಟದ ತೊಗರಿ ಗಿಡ ಎಷ್ಟೇ ಹತ್ತಿರ ಇದ್ದರೂ ದಿಗಂತದ ಕೆಳಗೆ, ಹಸಿರಿನಲ್ಲಿ ಹಸಿರಾಗಿ ಉಳಿಯುತ್ತದೆ. ಮೊಣಕಾಲೂರಿ ಕ್ಯಾಮೆರಾವನ್ನು ಅರ್ಧ ಮೀಟರಿಗೆ ಇಳಿಸಿ. ಅದೇ ಗಿಡ ದಿಗಂತವನ್ನು ದಾಟಿ ಆಕಾಶಕ್ಕೆ ಎದ್ದು ನಿಲ್ಲುತ್ತದೆ. ಅಕ್ಟೋಬರ್-ನವೆಂಬರ್ ಹೊತ್ತಿಗೆ ಅದರಲ್ಲಿ ಹಳದಿ ಹೂವೂ ಇರುತ್ತದೆ. ಹಿಂದಿನಿಂದ ಸಂಜೆ ಬಿಸಿಲು ಬಿದ್ದರೆ ಎಲೆಯ ಅಂಚಿನ ಸಣ್ಣ ಕೂದಲು ಕೂಡ ಹೊಳೆಯುತ್ತದೆ.

ಬೇಸಿಗೆಯಲ್ಲೂ ಹೀಗೇ. ಬೆಳೆ ಹೋದ ಮೇಲೆ ಎರೆ ಭೂಮಿ ಬಿರುಕು ಬಿಡುತ್ತದೆ. ನಿಂತು ತೆಗೆದರೆ ಅದು ಬರೀ ಕಪ್ಪು ನೆಲ. ಕ್ಯಾಮೆರಾವನ್ನು ಗೇಣೆತ್ತರಕ್ಕೆ ತಂದರೆ ಬಿರುಕಿನ ಅಂಚು, ಒಳಗಿನ ನೆರಳು, ಒಂದರಿಂದೊಂದು ಕವಲೊಡೆದು ದೂರಕ್ಕೆ ಹೋಗುವುದು ಎಲ್ಲಾ ಕಾಣುತ್ತದೆ. ಇಲ್ಲಿ ಫೋಕಸ್ ಕೈಕೊಡುವ ಸಂಭವ ಜಾಸ್ತಿ. ಕ್ಯಾಮೆರಾ ಬಳಸುವವರು 24 ಮಿಮೀ ಲೆನ್ಸಿನಲ್ಲಿ ಕಿಂಡಿಯ ಅಳತೆ (ಅಪರ್ಚರ್) ಎಫ್ 8 ಇಟ್ಟು ಸುಮಾರು ಎರಡೂವರೆ ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ, ಫುಲ್ ಫ್ರೇಮ್‌ನಲ್ಲಿ (ಹಳೆಯ 35 ಮಿಮೀ ಫಿಲ್ಮಿನಷ್ಟು ದೊಡ್ಡ ಸೆನ್ಸರ್ ಇರುವ ಕ್ಯಾಮೆರಾದಲ್ಲಿ) ಒಂದೂಕಾಲು ಮೀಟರಿನಿಂದ ದಿಗಂತದವರೆಗೆ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಅದಕ್ಕಿಂತ ಹತ್ತಿರದ ಬಿರುಕು ಮಂಕಾದರೆ ಆಶ್ಚರ್ಯವಿಲ್ಲ, ಒಂದು ಹೆಜ್ಜೆ ಹಿಂದೆ ಸರಿಯಿರಿ.

‘ಮನುಷ್ಯ, ಮರ, ಎತ್ತು ದಿಗಂತದಲ್ಲಿ ಸಿಕ್ಕಿಕೊಂಡಿವೆ’

ಹಿಂದೆ ಹೇಳಿದ ಲೆಕ್ಕವೇ ಇಲ್ಲೂ ಕೆಲಸ ಮಾಡುತ್ತದೆ. ನಿಮ್ಮಷ್ಟೇ ಎತ್ತರದ ರೈತರೊಬ್ಬರು ದೂರದಲ್ಲಿ ನಡೆದು ಹೋಗುತ್ತಿದ್ದಾರೆ. ನೀವೂ ನಿಂತು ತೆಗೆದರೆ ದಿಗಂತದ ಗೆರೆ ಸರಿಯಾಗಿ ಅವರ ಕಣ್ಣಿನ ಮೇಲೆ ಹಾಯುತ್ತದೆ. 20 ಮೀಟರ್ ದೂರ ಇದ್ದರೂ ಅಷ್ಟೆ, 200 ಮೀಟರ್ ಇದ್ದರೂ ಅಷ್ಟೆ. ತಲೆ ಆಕಾಶಕ್ಕೂ ಮೈ ಹೊಲಕ್ಕೂ ಸೇರಿ ಮನುಷ್ಯ ಎರಡು ತುಂಡಾಗುತ್ತಾನೆ. ಕೂತು ತೆಗೆಯಿರಿ, ಸೊಂಟದಿಂದ ಮೇಲೆ ಪೂರ್ತಿ ಆಕಾಶಕ್ಕೆ ಬರುತ್ತದೆ. ಇಲ್ಲವೇ ಒಡ್ಡಿನ ಮೇಲೆ ಹತ್ತಿ, ಇಡೀ ಆಳು ಹೊಲದೊಳಗೆ ಇಳಿಯುತ್ತದೆ. ಬಿಳಿ ಅಂಗಿ, ಬಿಳಿ ಟೊಪ್ಪಿಗೆ ಹಾಕಿದವರಿಗೆ ಎರಡನೆಯದು ಚೆನ್ನ. ಕಪ್ಪು ಮಣ್ಣಿನ ಮೇಲೆ ಬಿಳುಪು ಅಷ್ಟು ದೂರದಿಂದಲೂ ಎದ್ದು ಕಾಣುತ್ತದೆ.

ದಿಗಂತ ಓರೆಯಾಗುವ ದೋಷಕ್ಕೆ ಹೆಚ್ಚು ಮಾತು ಬೇಡ. ಬೆಟ್ಟದ ಸೀಮೆಯಲ್ಲಿ ಅದು ಗೊತ್ತಾಗದಿರಬಹುದು, ನಮ್ಮಲ್ಲಿ ಒಂದು ಡಿಗ್ರಿ ಓರೆಯಾದರೂ ಕಣ್ಣಿಗೆ ಚುಚ್ಚುತ್ತದೆ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್, ಅಂದರೆ ಪರದೆಯ ಮೇಲಿನ ಅಡ್ಡ-ಉದ್ದ ಗೆರೆಗಳನ್ನು, ಹಾಕಿಕೊಳ್ಳಿ.

ಆ ಗ್ರಿಡ್ ನೋಡಿದ ಕೂಡಲೇ ದಿಗಂತವನ್ನು ಮೂರನೇ ಒಂದು ಭಾಗದ ಗೆರೆಗೆ ತಂದು ಕೂರಿಸುವವರಿದ್ದಾರೆ. ಅದು ಒಳ್ಳೆಯ ಶುರು, ಕಾನೂನಲ್ಲ. ಆಕಾಶದಲ್ಲಿ ಏನೂ ಇಲ್ಲದ ದಿನ ಅದಕ್ಕೆ ಹತ್ತರಲ್ಲಿ ಒಂದು ಪಾಲು ಕೊಟ್ಟರೂ ಹೆಚ್ಚೇ. ಜೂನ್‌ನಲ್ಲಿ ಮೋಡ ಕಟ್ಟಿಕೊಂಡು ಬರುವಾಗ ಹೊಲಕ್ಕೆ ಹತ್ತರಲ್ಲಿ ಒಂದು ಪಾಲು ಸಾಕು. ಸುರಪುರ ಕಡೆಯ ಬೋನಾಳ ಕೆರೆಯ ನಿಂತ ನೀರಿನಲ್ಲಿ ಆಕಾಶ ಪೂರ್ತಿ ಮೂಡಿದ್ದರೆ ದಿಗಂತ ನಡುಮಧ್ಯೆ ಇರಲಿ, ಅಲ್ಲಿ ಅದೇ ಸರಿ.

‘ಬೆಟ್ಟ ಕಣ್ಣಿಗೆ ದೊಡ್ಡದು, ಫೋಟೋದಲ್ಲಿ ದಿಬ್ಬ’

ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮುಂದೆ ಇದು ಎಲ್ಲರಿಗೂ ಆಗುತ್ತದೆ. ಬೆಟ್ಟಗಳ ಸಾಲು ಒಟ್ಟಾಗಿ ಮಲಗಿದ ಬುದ್ಧನ ಹಾಗೆ ಕಾಣುತ್ತದೆ. ಹಣೆ, ಮೂಗು, ಎದೆ ಎಲ್ಲಾ ಕಣ್ಣಿಗೆ ಸ್ಪಷ್ಟ. ಮೊಬೈಲಿನಲ್ಲಿ ತೆಗೆದರೆ ದೂರದಲ್ಲೊಂದು ಏರಿಳಿತ, ಮುಂದೆ ರಸ್ತೆ ಮತ್ತು ಕರೆಂಟಿನ ತಂತಿ. ಅಗಲ ಲೆನ್ಸು ಹತ್ತಿರದ್ದನ್ನು ಹಿಗ್ಗಿಸಿ ತೋರಿಸಿ, ದೂರದ್ದಕ್ಕೆ ಚಿತ್ರದಲ್ಲಿ ಸ್ವಲ್ಪವೇ ಜಾಗ ಕೊಡುತ್ತದೆ.

ಜೂಮ್ ಮಾಡಿದರಾಯಿತು ಅನ್ನುವುದು ಅರ್ಧ ಸತ್ಯ. ಹತ್ತಿರದ ವಸ್ತು ಮತ್ತು ದೂರದ ಬೆಟ್ಟದ ಅಳತೆಯ ಸಂಬಂಧವನ್ನು ತೀರ್ಮಾನಿಸುವುದು ನೀವು ನಿಂತ ಜಾಗ, ಲೆನ್ಸ್ ಅಲ್ಲ. ಒಂದು ಈಚಲ ಮರ 20 ಮೀಟರ್ ದೂರದಲ್ಲಿದೆ, ಬೆಟ್ಟ 2,000 ಮೀಟರ್ ದೂರದಲ್ಲಿದೆ ಅನ್ನಿ. ನೀವು 40 ಮೀಟರ್ ಹಿಂದಕ್ಕೆ ನಡೆದರೆ ಮರ 60 ಮೀಟರ್ ದೂರವಾಗಿ ಮೂರನೇ ಒಂದಂಶಕ್ಕೆ ಕುಗ್ಗುತ್ತದೆ. ಬೆಟ್ಟ 2,040 ಮೀಟರ್ ದೂರವಾಗುತ್ತದೆ, ಕುಗ್ಗಿದ್ದು ಕಣ್ಣಿಗೂ ತಿಳಿಯದು. ಈಗ ಮೂರು ಪಟ್ಟು ಜೂಮ್ ಮಾಡಿ. ಮರ ಮೊದಲಿನಷ್ಟೇ, ಬೆಟ್ಟ ಸುಮಾರು ಮೂರು ಪಟ್ಟು ದೊಡ್ಡದು! ಹಿಂದೆ ನಡೆದದ್ದೂ ಜೂಮ್ ಮಾಡಿದ್ದೂ ಎರಡೂ ಸೇರಿದಾಗಲೇ ಈ ಕೆಲಸ ಆಗುವುದು. ನಿಂತಲ್ಲೇ ಜೂಮ್ ಮಾಡಿದರೆ ಅಗಲ ಚಿತ್ರದ ನಡುವಿನ ತುಂಡು ಕತ್ತರಿಸಿದ ಹಾಗೆ, ಬೇರೇನೂ ಬದಲಾಗುವುದಿಲ್ಲ.

ಮೊಬೈಲಿನವರು ಒಂದನ್ನು ನೋಡಿಕೊಳ್ಳಬೇಕು. ದೂರದ್ದನ್ನು ಹತ್ತಿರ ತೋರಿಸುವ ಬೇರೆ ಟೆಲಿ ಲೆನ್ಸ್ ಇರುವ ಮೊಬೈಲ್ ಆದರೆ ಮೂರು ಪಟ್ಟಿಗೆ ಧೈರ್ಯವಾಗಿ ಹೋಗಿ. ಇಲ್ಲದಿದ್ದರೆ ಮೊಬೈಲು ಚಿತ್ರವನ್ನು ಎಳೆದು ಹಿಗ್ಗಿಸುತ್ತದೆ. ಫೋಟೋ ದೊಡ್ಡದು ಮಾಡಿ ನೋಡಿ, ಬಂಡೆಯ ಅಂಚು ಒದ್ದೆ ಬಣ್ಣ ಹರಡಿದ ಹಾಗಿದ್ದರೆ ಅದು ಎಳೆದ ಜೂಮ್. ಇನ್ನು ಅತಿ ಅಗಲದ 0.5 ಲೆನ್ಸನ್ನು ಬೆಟ್ಟಕ್ಕೆ ಬಳಸಲೇಬೇಡಿ. ಅದು ಒಳ್ಳೆಯದಾಗುವುದು ಕಾಲ ಬುಡದಲ್ಲಿ ಏನಾದರೂ ಗಟ್ಟಿಯಾದದ್ದು ಇದ್ದಾಗ ಮಾತ್ರ.

ಯಾದಗಿರಿ ಕೋಟೆಯ ಮೇಲೆ ಹತ್ತಿದಾಗಲೂ ಇದೇ ದೋಷ ಬೇರೆ ವೇಷದಲ್ಲಿ ಬರುತ್ತದೆ. ಕೆಳಗೆ ಊರು, ಹೊಲ ಎಲ್ಲವೂ ಕಾಣುತ್ತಿದೆ ಅಂತ ಅಷ್ಟನ್ನೂ ತುಂಬಿಕೊಂಡರೆ ಅಲ್ಲಿ ಎಲ್ಲವೂ ಸಾಸಿವೆ ಗಾತ್ರ. ಎತ್ತರದಲ್ಲಿ ಟೆಲಿ ಲೆನ್ಸಿನಿಂದ ಒಂದು ತುಂಡು ಆರಿಸಿ. ಅಥವಾ ಕೋಟೆಯ ಬಂಡೆಯೊಂದನ್ನು ಮುಂದೆ ದೊಡ್ಡದಾಗಿ ಕೂರಿಸಿ, ಊರು ಅದರ ಹಿಂದೆ ಇರಲಿ.

‘ಗುಮ್ಮಟಗಳು ಒಂದಕ್ಕೊಂದು ಅಂಟಿಕೊಂಡಿವೆ’

ಬೀದರ್‌ನ ಪೂರ್ವಕ್ಕಿರುವ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಸುತ್ತ ಹೊಲ, ಮೇಲೆ ಬಯಲು ಆಕಾಶ. ಹಾಳೆಯ ಮೇಲೆ ಬರೆದಿಟ್ಟಂಥ ದೃಶ್ಯ. ಆದರೂ ಅಲ್ಲಿನ ಎಷ್ಟೋ ಫೋಟೋಗಳಲ್ಲಿ ಒಂದು ಗುಮ್ಮಟ ಇನ್ನೊಂದರ ಬೆನ್ನಿಗೆ ಸೇರಿಕೊಂಡು ಆಕಾರವೇ ತಿಳಿಯುವುದಿಲ್ಲ.

ಕಣ್ಣು ಎರಡಿರುವುದರಿಂದ ಯಾವುದು ಹಿಂದೆ, ಯಾವುದು ಮುಂದೆ ಅಂತ ನಮಗೆ ಸಲೀಸಾಗಿ ಗೊತ್ತಾಗುತ್ತದೆ. ಲೆನ್ಸಿಗೆ ಆ ಅನುಕೂಲ ಇಲ್ಲ. ಹಾಗಾಗಿ ಅಲ್ಲಿ ನಿಂತಾಗ ಒಂದು ಕಣ್ಣು ಮುಚ್ಚಿ ನೋಡಿ. ಅಂಟಿದ್ದು ತಕ್ಷಣ ಕಾಣುತ್ತದೆ.

ಬಿಡಿಸಲು ಪಕ್ಕಕ್ಕೆ ಸರಿಯಬೇಕು, ಮುಂದೆ ಹಿಂದೆ ಅಲ್ಲ. ಹುಮಾಯೂನ್ ಷಾನ ಗೋರಿಯನ್ನು ತೆಗೆದುಕೊಳ್ಳಿ. ಸಿಡಿಲಿಗೆ ಒಡೆದದ್ದು ಅನ್ನುತ್ತಾರೆ, ಗುಮ್ಮಟದ ಒಂದು ಪಾಲು ಬಿದ್ದುಹೋಗಿ ಉಳಿದದ್ದು ಸೀಳಿದ ಹಾಗೆ ನಿಂತಿದೆ. ಆ ಒಡೆದ ಅಂಚೇ ಅಲ್ಲಿನ ಚಿತ್ರ. ಅದರ ಹಿಂದೆ ಇನ್ನೊಂದು ಗೋರಿಯ ಗೋಡೆ ಬಂದರೆ ಅಂಚು ಕಲ್ಲಿನಲ್ಲಿ ಕಲ್ಲಾಗಿ ಕಳೆದುಹೋಗುತ್ತದೆ. ಎಡಕ್ಕೋ ಬಲಕ್ಕೋ ನಿಧಾನ ಸರಿಯುತ್ತಾ ಹೋಗಿ. ಹತ್ತಿರದ ಗೋರಿ ಬೇಗ ಜರುಗುತ್ತದೆ, ದೂರದ್ದು ನಿಧಾನ. ಒಂದು ಜಾಗದಲ್ಲಿ ಎರಡರ ನಡುವೆ ಆಕಾಶದ ಒಂದು ಸೀಳು ಬೀಳುತ್ತದೆ. ಅಲ್ಲಿ ನಿಲ್ಲಿ. ಆ ಸೀಳು ತೀರಾ ಕಿರಿದಾಗಿದ್ದರೆ ಇನ್ನೂ ಒಂದೆರಡು ಹೆಜ್ಜೆ ಸರಿಯಿರಿ, ಯಾಕೆಂದರೆ ಚಿತ್ರ ಚಿಕ್ಕದಾದಾಗ ಅದು ಮುಚ್ಚಿಹೋಗುತ್ತದೆ. ಕಲಬುರಗಿಯ ಗೋರಿಗಳ ಗುಂಪಾದ ಹಫ್ತ್ ಗುಂಬಜ್‌ನಲ್ಲೂ ಇದೇ ಮದ್ದು. ಇಂಥ ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಮೊದಲೇ ಅನುಮತಿ ಕೇಳಿ.

ಮೊಬೈಲನ್ನು ಮೇಲಕ್ಕೆ ಬಾಗಿಸಿದರೆ ಗೋಡೆಗಳು ಹಿಂದಕ್ಕೆ ವಾಲುತ್ತವೆ. ಬೀದರ್‌ನಲ್ಲಿ 1472ರಲ್ಲಿ ಕಟ್ಟಿದ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾದ ಉಳಿದ ಮಿನಾರಿಗೆ ಹೀಗೆ ಆಗುವುದು ತುಂಬ. ಹಿಂದೆ ಸರಿದು, ಮೊಬೈಲು ನೆಟ್ಟಗೆ ಹಿಡಿದು, ಕೆಳಗೆ ಬಂದ ಹೆಚ್ಚಿನ ನೆಲವನ್ನು ಆಮೇಲೆ ಕತ್ತರಿಸಿ.

‘ಗೆರೆ ಇದೆ, ಆದರೆ ಕಣ್ಣು ಹೊರಗೆ ಹೋಗುತ್ತದೆ’

ಬೀದರ್ ಕೋಟೆಯ ಒಂದು ಭಾಗದಲ್ಲಿ ಕಂದಕ ಮೂರು ಸಾಲು ಇದೆ. ಬಂಡೆಯನ್ನೇ ಕಡಿದು, ನಡುವೆ ಗೋಡೆಯ ಹಾಗೆ ಬಂಡೆ ಬಿಟ್ಟಿದ್ದಾರೆ. ಕಣ್ಣನ್ನು ಒಳಕ್ಕೆ ಕರೆದೊಯ್ಯಲು ಇದಕ್ಕಿಂತ ಒಳ್ಳೆ ಗೆರೆ ಬೇಕಿಲ್ಲ. ಆದರೆ ಗೆರೆ ಹೋಗಿ ತಲುಪುವ ಕಡೆ ಏನಾದರೂ ಇರಬೇಕು, ಬುರುಜೋ ಬಾಗಿಲೋ. ಇಲ್ಲದಿದ್ದರೆ ಕಣ್ಣು ಗೆರೆ ಹಿಡಿದು ಚಿತ್ರದ ಅಂಚಿನಿಂದ ಹೊರಬೀಳುತ್ತದೆ. ಪರೀಕ್ಷೆ ಸುಲಭ, ಪರದೆಯ ಮೇಲೆ ಗೆರೆಯನ್ನು ಬೆರಳಿನಿಂದ ಎಳೆಯುತ್ತಾ ಹೋಗಿ, ಬೆರಳು ನಿಂತ ಜಾಗ ನೋಡಿ. ಹೊಲದ ಬಂಡಿ ದಾರಿಗೂ ಇದೇ ಮಾತು. ದಾರಿ ಚಿತ್ರದ ಮೂಲೆಯಿಂದಲೇ ಶುರುವಾಗಬೇಕಿಲ್ಲ, ಮೂಲೆಗೆ ಸ್ವಲ್ಪ ಪಕ್ಕದಿಂದ ಬಂದರೆ ಸಹಜವಾಗಿ ಕಾಣುತ್ತದೆ.

ಜೋಡಣೆ ಸರಿ, ಆದರೂ ಸಪ್ಪೆ

ಈಗ ಬೆಳಕು ನೋಡಿ. ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ಎರಡನೇ ವಾರದ ಶುರುವಿನಲ್ಲಿ ಮತ್ತು ಆಗಸ್ಟ್ ಮೊದಲ ವಾರದಲ್ಲಿ ನಡು ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನೆರಳು ಕಾಲಡಿಗೇ ಇಳಿಯುತ್ತದೆ. ನೆರಳಿಲ್ಲದೆ ಸಮತಟ್ಟು ನೆಲದಲ್ಲಿ ಉಬ್ಬು ತಗ್ಗು ಕಾಣುವುದಿಲ್ಲ, ಆಗ ಎಷ್ಟು ಕೂತರೂ ಹತ್ತಿದರೂ ಚಿತ್ರ ಚಪ್ಪಟೆಯೇ. ಡಿಸೆಂಬರ್ ಕೊನೆಗೆ ಅದೇ ಮಧ್ಯಾಹ್ನ ಸೂರ್ಯ ದಕ್ಷಿಣಕ್ಕೆ ವಾಲಿ ಸುಮಾರು 49 ಡಿಗ್ರಿ ಎತ್ತರದಲ್ಲೇ ಇರುತ್ತಾನೆ. ಆಗ ಹತ್ತು ಗಂಟೆಯ ಬಿಸಿಲಿನಲ್ಲೂ ಕೆಲಸ ಮಾಡಬಹುದು. ಕೊಯ್ಲಿಗೆ ಬಂದ ತೊಗರಿ, ಹಸಿರು ಜೋಳ, ತಿಳಿ ಆಕಾಶ ಎಲ್ಲಾ ಒಟ್ಟಿಗೆ ಸಿಗುವ ಕಾಲವೂ ಅದೇ.

ಸೂರ್ಯ ಹುಟ್ಟುವ ದಿಕ್ಕೂ ಒಂದೇ ಕಡೆ ಇರುವುದಿಲ್ಲ. ನಮ್ಮಲ್ಲಿ ಜೂನ್ ಮತ್ತು ಡಿಸೆಂಬರ್ ನಡುವೆ ಅದು ಸುಮಾರು 49 ಡಿಗ್ರಿ ಸರಿಯುತ್ತದೆ. ಜೂನ್‌ನಲ್ಲಿ ಮರದ ಹಿಂದೆ ಎದ್ದ ಸೂರ್ಯ ಡಿಸೆಂಬರ್‌ನಲ್ಲಿ ಚೌಕಟ್ಟಿನ ಆಚೆಗೇ ಹೋಗಿರಬಹುದು. ಜಾಗ ಚೆನ್ನಾಗಿದ್ದು ಬೆಳಕು ಕೂಡಿಬರದಿದ್ದರೆ ತಿಂಗಳು ಬದಲಿಸಿ, ಜಾಗ ಬಿಡಬೇಡಿ.

ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತದಂಥ ಕಡೆ ಮಾತ್ರ ಲೆಕ್ಕ ಉಲ್ಟಾ. ಅಲ್ಲಿ ಬಿಸಿಲು ಬಿದ್ದರೆ ನೀರು ಸುಣ್ಣದಂತೆ ಬೆಳ್ಳಗಾಗಿ, ಕಾಡು ಕಪ್ಪಾಗುತ್ತದೆ. ಮೋಡದ ದಿನ ಹೋಗಿ. ಬಿಳಿ ಆಕಾಶವನ್ನು ಚೌಕಟ್ಟಿನಿಂದ ಪೂರ್ತಿ ಹೊರಗಿಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ಕೊನೆಯ ಪರೀಕ್ಷೆ: ಕತ್ತರಿಸಿ ನೋಡುವುದು

ಬಟನ್ ಒತ್ತುವ ಮುಂಚೆ ನಾಲ್ಕೂ ಅಂಚಿನಲ್ಲಿ ಒಮ್ಮೆ ಕಣ್ಣಾಡಿಸಿ. ಅರ್ಧ ಕಂಬ, ಜಾಲಿ ಕಂಟಿಯ ಒಂದು ಟೊಂಗೆ, ಪ್ಲಾಸ್ಟಿಕ್ ಚೀಲ, ನಿಮ್ಮದೇ ನೆರಳು ಎಲ್ಲವೂ ಅಂಚಿನಲ್ಲೇ ಬಂದು ಸೇರುವುದು.

ಆದರೂ ಸರಿಬರದ ಫೋಟೋವನ್ನು ಅಳಿಸುವ ಮುಂಚೆ ಕತ್ತರಿಸಿ ನೋಡಿ. ನಾಲ್ಕೂ ಕಡೆಯಿಂದ ಸ್ವಲ್ಪ ಸ್ವಲ್ಪ ಒಳಗೆ ತನ್ನಿ, ಯಾವ ತುಂಡಿನಲ್ಲಿ ಚಿತ್ರ ಕೂಡಿಬರುತ್ತದೋ ಅಲ್ಲಿ ನಿಲ್ಲಿಸಿ. ಅಗಲ ಅರ್ಧಕ್ಕೆ ಇಳಿದಿದ್ದರೆ, ನಿಮ್ಮ ಮುಖ್ಯ ವಸ್ತುವಿಗೆ ಇದ್ದ ದೂರದಲ್ಲಿ ಅರ್ಧ ನಡೆದು ಹತ್ತಿರ ಹೋಗಬೇಕಿತ್ತು, ಅಥವಾ ಹಿನ್ನೆಲೆ ಹಾಗೇ ಇರಬೇಕಾದರೆ ನಿಂತಲ್ಲೇ ಎರಡು ಪಟ್ಟು ಜೂಮ್ ಬೇಕಿತ್ತು. ಕತ್ತರಿಸಿದ ತುಂಡು ಪೂರ್ತಿ ಒಂದೇ ಪಕ್ಕಕ್ಕೆ ಬಂದಿದ್ದರೆ ಕ್ಯಾಮೆರಾ ಅತ್ತ ತಿರುಗಬೇಕಿತ್ತು. ಎಲ್ಲಿ ಕತ್ತರಿಸಿದರೂ ಆ ಹಸಿರು ಪಟ್ಟಿ, ಬಿಳಿ ಪಟ್ಟಿಯೇ ಉಳಿದರೆ ದೋಷ ಎತ್ತರದ್ದು. ಅದನ್ನು ಮನೆಯಲ್ಲಿ ಕೂತು ಸರಿಮಾಡಲು ಬರುವುದಿಲ್ಲ, ಅದೇ ಹೊಲಕ್ಕೆ ಮತ್ತೆ ಹೋಗಿ ಮೊದಲು ಮೊಣಕಾಲೂರಿ ಒಂದು, ಒಡ್ಡಿನ ಮೇಲಿಂದ ಒಂದು ತೆಗೆದು ಪಕ್ಕಪಕ್ಕ ಇಟ್ಟು ನೋಡಿ.